ಪರದೇಶಕ್ಕೂ ಮೊದಲು ಪಕ್ಕದ ಬೆಂಚು

ಗಿಣಿಗೇರಾದ ತಂದೆಯೊಬ್ಬರು ಮೊನ್ನೆ ಬಣ್ಣದ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟರು. ಮಗಳ ಶಾಲೆಯವರು ಕೊಟ್ಟದ್ದು. ಹತ್ತು ದಿನ ವಿದೇಶ, ‘ಸಾಂಸ್ಕೃತಿಕ ವಿನಿಮಯ’, ಖರ್ಚು ಲಕ್ಷಗಳಲ್ಲಿ. “ಸಾಲ ಮಾಡಿಯಾದ್ರೂ ಕಳಸ್ಬೇಕಂತ ಮಾಡೀನ್ರಿ ಸರ. ಹೊರಗಿನ ಜಗತ್ತು ನೋಡಿದ್ರ ಹುಡುಗಿ ಶಾಣ್ಯಾಕಿ ಆಗ್ತಾಳ, ಹೌದಲ್ರಿ?” ಎಂದರು. ನಾನು ಒಂದೇ ಪ್ರಶ್ನೆ ಕೇಳಿದೆ: “ಅಲ್ಲಿ ರಾತ್ರಿ ಯಾರ ಮನೆಯಲ್ಲಿ ಉಣ್ಣುತ್ತಾಳೆ?” ಅವರು ಹಾಳೆ ತಿರುವಿ ನೋಡಿದರು. ಹೋಟೆಲಿನ ಹೆಸರಿತ್ತು.

ಪ್ರವಾಸ ಬೇರೆ, ವಿನಿಮಯ ಬೇರೆ. ಪ್ರವಾಸದಲ್ಲಿ ಮಗು ಗಿರಾಕಿ. ವಿನಿಮಯದಲ್ಲಿ ಮನೆಯ ಕೂಸು. ಆ ಮನೆಯವರು ಏಳುವಾಗ ಏಳಬೇಕು, ತಟ್ಟೆ ತಾನೇ ತೊಳೆಯಬೇಕು, ಅಲ್ಲಿನ ಶಾಲೆಯಲ್ಲಿ ಕೂರಬೇಕು, ಅಲ್ಲಿಯ ಮಗು ನಮ್ಮಲ್ಲಿಗೆ ಬಂದರೆ ಹಾಸಿಗೆ ಹಾಸಿ ಕೊಡಬೇಕು. ಪ್ರವಾಸ ತಪ್ಪೇನಲ್ಲ. ಆದರೆ ಪ್ರವಾಸಕ್ಕೆ ವಿನಿಮಯದ ಹೆಸರಿಟ್ಟು ಸಾಲ ಮಾಡಿಸುವುದು ಸರಿಯಲ್ಲ.

ನಿಜವಾದ ವಿನಿಮಯದ ದಾರಿಗಳು

ಯುದ್ಧಕಾಲದಲ್ಲಿ ಗಾಯಾಳುಗಳನ್ನು ಆಂಬುಲೆನ್ಸ್‌ನಲ್ಲಿ ಸಾಗಿಸಿದ ಸ್ವಯಂಸೇವಕರೇ ಕಟ್ಟಿದ ಎಎಫ್‌ಎಸ್ ಸಂಸ್ಥೆ, 1947ರಿಂದ ಶಾಲಾ ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸುತ್ತ ಬಂದಿದೆ. ಭಾರತದಲ್ಲೂ ಅದರ ಶಾಖೆಯಿದೆ. ರೋಟರಿಯ ಯುವ ವಿನಿಮಯ 15ರಿಂದ 19 ವರ್ಷದವರಿಗೆ. ದೀರ್ಘಾವಧಿಯದಾದರೆ ಒಂದು ಶೈಕ್ಷಣಿಕ ವರ್ಷ, ಅದೂ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ. ಸರ್ಕಾರಿ ಶಾಲೆಯ ಮಕ್ಕಳಿಗೂ ಒಂದು ಬಾಗಿಲಿದೆ. ಇನ್‌ಸ್ಪೈರ್ ಮಾನಕ್ ವಿಜ್ಞಾನ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟ ಮುಟ್ಟಿದವರಲ್ಲಿ ಕೆಲವರನ್ನು ಜಪಾನಿನ ಸಕುರಾ ಸೈನ್ಸ್ ಕಾರ್ಯಕ್ರಮಕ್ಕೆ ಕಳಿಸುತ್ತಾರೆ. ಅದು ಕೆಲವೇ ದಿನಗಳದ್ದು, ಆದರೆ ಮನೆಯವರ ಜೇಬಿಗೆ ಕೈ ಹಾಕುವಂಥದ್ದಲ್ಲ.

ಇನ್ನೊಂದು ದಾರಿ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಇದೆ. ಕುಕನೂರಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಹಿಂದಿ ಆಡುವ ನಾಡಿನ ಮತ್ತು ಆಡದ ನಾಡಿನ ನವೋದಯಗಳ ನಡುವೆ, 9ನೇ ತರಗತಿಯ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಅದಲು-ಬದಲು ಮಾಡುವುದು ಈ ಶಾಲೆಗಳ ಪದ್ಧತಿ. ಮಕ್ಕಳು ಇದನ್ನು ‘ಮೈಗ್ರೇಷನ್’ ಎನ್ನುತ್ತಾರೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಆದರೂ ಹದಿನಾಲ್ಕರ ಹುಡುಗ ಭಾಷೆ ಬಾರದ ಊರಿನಲ್ಲಿ, ಜೋಳದ ರೊಟ್ಟಿ ಕಾಣದ ತಟ್ಟೆಯ ಮುಂದೆ ಕೂತು ಕಲಿಯುವುದು ವಿದೇಶದಲ್ಲಿ ಕಲಿಯುವುದಕ್ಕಿಂತ ಕಡಿಮೆಯೇನಲ್ಲ. ಮಗುವಿಗೆ ಈ ಅವಕಾಶ ಬಂದಾಗ “ಅಷ್ಟು ದೂರ ಬ್ಯಾಡ” ಎಂದು ಹೆಸರು ತೆಗೆಸಲು ಓಡಬೇಡಿ.

‘ಸತ್ತು’ ಎಂಬ ಪಾಠ

ಪರದೇಶದವರನ್ನೇ ಕಾಣದ ಊರು ನಮ್ಮದಲ್ಲ. ಹಂಪಿ, ಆನೆಗೊಂದಿಗೆ ಹೋದ ಮಕ್ಕಳು ಯಾರಾದರೊಬ್ಬ ಫಾರಿನರ್ ಜೊತೆ ಸೆಲ್ಫಿ ತೆಗೆದುಕೊಂಡೇ ಬರುತ್ತಾರೆ. ಅವರು ಯಾವ ದೇಶದವರು ಎಂದು ಕೇಳಿದರೆ ಗೊತ್ತಿರುವುದಿಲ್ಲ. ಕಂಡದ್ದೆಲ್ಲ ಅರಿವಾಗುವುದಿಲ್ಲ.

ಅರಿವು ಹುಟ್ಟುವ ಜಾಗ ಇನ್ನೂ ಹತ್ತಿರದಲ್ಲಿದೆ. ಗಿಣಿಗೇರಾ ಸುತ್ತಿನ ಉಕ್ಕು, ಕಬ್ಬಿಣದ ಕಾರ್ಖಾನೆಗಳಿಗೆ ಬಿಹಾರ, ಒಡಿಶಾ, ಉತ್ತರ ಪ್ರದೇಶದಿಂದ ಬಂದವರ ಮಕ್ಕಳು ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿದ್ದಾರೆ. ಒಮ್ಮೆ ತರಗತಿಯೊಂದರಲ್ಲಿ ಬೆಳಗ್ಗೆ ಏನು ತಿಂದಿರಿ ಎಂದು ಕೇಳುತ್ತಿದ್ದೆ. ಬಿಹಾರದ ಹುಡುಗ ಎದ್ದು ನಿಂತು “ಸತ್ತು” ಎಂದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. “ಸತ್ತು ತಿಂದು ಬಂದಾನ್ರಿ ಸರ!” ಹುಡುಗನಿಗೆ ತಾನು ಏನು ತಪ್ಪು ಹೇಳಿದೆ ಎಂದೇ ತಿಳಿಯಲಿಲ್ಲ. ಮರುದಿನ ಅವನ ಕೈಲೇ ಒಂದು ಡಬ್ಬಿ ತರಿಸಿದೆ. ಹಿಟ್ಟನ್ನು ನೀರಿನಲ್ಲಿ ಕಲಸಿ, ಉಪ್ಪು, ಉಳ್ಳಾಗಡ್ಡಿ, ಲಿಂಬೆರಸ ಹಾಕಿ ಕೊಟ್ಟ. ಒಬ್ಬಳು ನೆಕ್ಕಿ ನೋಡಿ, “ಇದು ನಮ್ಮ ಪುಟಾಣಿ ಹಿಟ್ಟ ಐತಲ್ಲ!” ಎಂದಳು. ಆಕೆ ಹೇಳಿದ್ದು ಸರಿ. ಸತ್ತು ಎಂದರೆ ಹುರಿದ ಕಡಲೆಯ ಹಿಟ್ಟು. ನಗು ನಿಂತು ಪ್ರಶ್ನೆಗಳು ಶುರುವಾದವು.

ನಾಳೆ ನಮ್ಮ ಮಗು ಜರ್ಮನಿಯ ಒಂದು ಮನೆಯಲ್ಲಿ ಕೈಯಿಂದ ಅನ್ನ ಕಲಸಿ ಉಂಡಾಗ ನಗುವ ಸರದಿ ಅಲ್ಲಿಯವರದು. ಪಕ್ಕದ ಬೆಂಚಿನವನನ್ನು ನೋಡಿ ನಗುವುದು ಬಿಟ್ಟು ಕೇಳಲು ಕಲಿತ ಮಗು, ಆ ನಗುವನ್ನು ತಡೆದುಕೊಂಡು ವಿವರಿಸಲೂ ಕಲಿತಿರುತ್ತದೆ.

ಹೊರಡುವ ಮುನ್ನ

ತನ್ನದನ್ನು ತಿಳಿಯದೆ ಹೋದ ಮಗು ಕೊಡಲು ಏನೂ ಇಲ್ಲದೆ ನಿಲ್ಲುತ್ತದೆ. ಕಾಣಿಕೆಯಾಗಿ ಕಿನ್ನಾಳದ ಗೊಂಬೆ ಕಳಿಸಿ. ಆದರೆ ಮೊದಲು ಕಿನ್ನಾಳಕ್ಕೆ ಕರೆದೊಯ್ದು, ಹಗುರ ಮರವನ್ನು ಕೆತ್ತುವುದನ್ನೂ ಹುಣಸೆಬೀಜದ ಅಂಟನ್ನೂ ಬಣ್ಣ ಏರುವುದನ್ನೂ ತೋರಿಸಿ. ಗೊಂಬೆಯ ಜೊತೆ ಕತೆಯೂ ಹೋಗಬೇಕು.

ಒಂದು ನೋಟ್‌ಬುಕ್ ಕೊಡಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪಯಣಿಗ ದೊಮಿಂಗೊ ಪಯಸ್ ಇಲ್ಲಿನ ಪೇಟೆ, ಧಾನ್ಯ, ಮಹಾನವಮಿ ಎಲ್ಲವನ್ನೂ ಕಣ್ಣಿಟ್ಟು ನೋಡಿ ಬರೆದಿಟ್ಟ. ನಮ್ಮ ಮಗುವೂ ‘ಸೂಪರ್’ ಎಂದು ಬರೆಯದೆ, ಆ ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ, ಅಜ್ಜ-ಅಜ್ಜಿ ಎಲ್ಲಿರುತ್ತಾರೆ ಎಂದು ಬರೆಯಲಿ.

ಸುರಕ್ಷತೆಯ ಮಾತು ಮುಚ್ಚುಮರೆಯಿಲ್ಲದೆ ಆಡಿ. ಆತಿಥೇಯ ಮನೆಯನ್ನು ಯಾರು ಪರಿಶೀಲಿಸಿದ್ದಾರೆ, ಅಲ್ಲಿನ ಸಂಯೋಜಕರ ಫೋನ್ ಯಾವುದು, ವಿಮೆ ಇದೆಯೇ ಎಂಬುದು ಬರಹದಲ್ಲಿರಲಿ. ಇರುಸುಮುರುಸಾದರೆ “ಬೇಡ” ಎನ್ನುವುದು ಅಗೌರವವಲ್ಲ ಎಂದು ಮಗುವಿಗೆ ಹೇಳಿ ಕಳಿಸಿ.

ಹೋದ ಮೇಲೆ, ಬಂದ ಮೇಲೆ

ಮೊದಲ ದಿನಗಳ ಸಡಗರ ಇಳಿದ ಮೇಲೆ ಎಷ್ಟೋ ಮಕ್ಕಳು ಫೋನಿನಲ್ಲಿ ಅಳುತ್ತಾರೆ. ಆಗ ದಿನಕ್ಕೆ ಮೂರು ಸಲ ವಿಡಿಯೊ ಕರೆ ಮಾಡಿ, ಅಜ್ಜಿಯನ್ನೂ ಮುಂದೆ ಕೂರಿಸಿ ಅಳಿಸಿದರೆ ಮಗುವಿನ ಮನಸ್ಸು ಅಲ್ಲೂ ನಿಲ್ಲದು, ಇಲ್ಲಿಗೂ ಬಾರದು. ವಾರಕ್ಕೊಂದೆರಡು ಸಲ ಹೊತ್ತು ಗೊತ್ತುಮಾಡಿ ಮಾತಾಡಿ. “ಊಟ ಆತೇನು?” ಎಂದ ಮೇಲೆ ಇನ್ನೊಂದು ಪ್ರಶ್ನೆ ಇರಲಿ: “ಇವತ್ತು ನಿನಗ ತಿಳೀದೇ ಇದ್ದದ್ದು ಏನು?” ಆದರೆ ಅಳುವಿನ ಹಿಂದೆ ಭಯ ಕಂಡರೆ ಕಾಯಬೇಡಿ, ಅವತ್ತೇ ಸಂಯೋಜಕರಿಗೆ ಫೋನ್ ಮಾಡಿ.

ಮರಳಿದ ಮಗು ನಮ್ಮ ಊರನ್ನು ಕೊಂಚ ದಿನ ಹೀಗಳೆಯಬಹುದು. ಸಿಟ್ಟಾಗಬೇಡಿ, ನೆಂಟರ ಮುಂದೆ ಮೆರೆಸಲೂ ಬೇಡಿ. ಅಲ್ಲಿ ತಾನೇ ತೊಳೆದ ತಟ್ಟೆಯನ್ನು ಇಲ್ಲಿ ಅವ್ವನ ಕೈಗೆ ಬಿಡುತ್ತದೆಯೇ ಎಂಬುದನ್ನಷ್ಟೇ ಗಮನಿಸಿ. ಕಲಿತದ್ದು ಗೊತ್ತಾಗುವುದು ಅಲ್ಲಿ. ಅಲ್ಲಿಯ ಮಗು ನಿಮ್ಮ ಮನೆಗೆ ಬಂದಾಗ ಪಿಜ್ಜಾ ತರಿಸಬೇಡಿ. ಕೊಪ್ಪಳದ ಗವಿಮಠದ ಜಾತ್ರೆಯ ಸಮಯವಾಗಿದ್ದರೆ, ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬಂದು ದಾಸೋಹಕ್ಕೆ ಸೇರುವುದನ್ನು ತೋರಿಸಿ, ಆ ಸಾಲಿನಲ್ಲೇ ಕೂರಿಸಿ ಉಣ್ಣಿಸಿ.

ಆ ತಂದೆಗೆ ಕೊನೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸಾಲ ಮಾಡಬೇಡಿ. ಮಗಳು ಇನ್ನೂ ಎಂಟನೇ ತರಗತಿ. ರೋಟರಿಗೋ ಎಎಫ್‌ಎಸ್‌ಗೋ ಅರ್ಜಿ ಹಾಕಲು ವರ್ಷಗಳಿವೆ. ಅಲ್ಲಿಯವರೆಗೆ, ಬರುವ ಭಾನುವಾರ ಅವಳ ಪಕ್ಕದ ಬೆಂಚಿನ ಗೆಳತಿಯನ್ನು ಊಟಕ್ಕೆ ಕರೆಯಿರಿ. ಮುಂದಿನ ಭಾನುವಾರ ಆ ಮನೆಯವರು ಕರೆದರೆ, ಇಲ್ಲ ಎನ್ನದೆ ಕಳಿಸಿ.