ರಕ್ತನಾಳದ ಹುಸಿಯುಬ್ಬು

ಸೈಕಲ್ಲಿನ ಟೈರು ಒಂದೆಡೆ ಬಿರಿದಾಗ ಒಳಗಿನ ಟ್ಯೂಬು ಆ ಬಿರುಕಿನಿಂದ ಗುಳ್ಳೆಯಂತೆ ಹೊರಕ್ಕೆ ಉಬ್ಬುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಾಳಿಯ ಒತ್ತಡ ಟ್ಯೂಬಿನ ಎಲ್ಲೆಡೆಯೂ ಒಂದೇ. ಆದರೂ ಒಡೆಯುವುದು ಆ ಗುಳ್ಳೆಯೇ. ಇದನ್ನು ಹೋಲುವ ಸಂಗತಿಯೊಂದು ಅಪರೂಪವಾಗಿ ಮನುಷ್ಯದೇಹದಲ್ಲಿಯೂ ನಡೆಯುವುದುಂಟು.

ಅಂಡಾಶಯದ ಕ್ಯಾನ್ಸರು ಮರುಕಳಿಸಿದಾಗ ಕೆಲವು ರೋಗಿಗಳಿಗೆ ಎರಡನೆಯ ಬಾರಿ ಶಸ್ತ್ರಕ್ರಿಯೆ ಮಾಡಬೇಕಾಗುತ್ತದೆ. ಗಂತಿಗಳು ಕೆಲವೊಮ್ಮೆ ಕಿಬ್ಬೊಟ್ಟೆಯ ದೊಡ್ಡ ಧಮನಿಗಳಿಗೆ ಒತ್ತಿಕೊಂಡಿರುವ ದುಗ್ಧಗ್ರಂಥಿಗಳಲ್ಲಿರುತ್ತವೆ. ಮೊದಲ ಶಸ್ತ್ರಕ್ರಿಯೆಯ ಗಾಯ ಮಾಗಿದಾಗ ಅಲ್ಲಿನ ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಅವನ್ನು ಬಿಡಿಸುವಾಗ, ಕೈ ಎಷ್ಟೇ ಪಳಗಿದ್ದರೂ, ಧಮನಿಯ ಗೋಡೆಗೆ ಪೆಟ್ಟು ತಗಲಬಹುದು. ಮುಂದೆ ಸೋಂಕೂ ಸೇರಿಕೊಂಡರೆ ಗೋಡೆ ಮತ್ತಷ್ಟು ಬಲಗುಂದುತ್ತದೆ. ದಿನಗಳೋ ವಾರಗಳೋ ಕಳೆದ ಮೇಲೆ ಅಲ್ಲಿ ರಂಧ್ರವಾಗಿ, ಹೊರಬಂದ ರಕ್ತ ಸುತ್ತಣ ಅಂಗಾಂಶಗಳ ನಡುವೆ ಚೀಲದಂತೆ ನಿಲ್ಲುತ್ತದೆ. ಧಮನಿಗೆ ಸಹಜವಾದ ಮೂರು ಪದರಗಳು ಈ ಚೀಲಕ್ಕಿಲ್ಲ. ಆದುದರಿಂದಲೇ ಇದು ಹುಸಿಯುಬ್ಬು. ಸೈಕಲ್ಲಿನ ಗುಳ್ಳೆಗಾದರೋ ರಬ್ಬರಿನ ಹೊದಿಕೆಯಾದರೂ ಉಂಟು!

ಈಗ ಲೆಕ್ಕಕ್ಕೆ ಬರೋಣ. ಹೃದಯ ಸಂಕುಚಿಸಿದಾಗ ರಕ್ತದ ಒತ್ತಡ ಪಾದರಸದ ಸುಮಾರು 120 ಮಿಲಿಮೀಟರ್. ತರಗತಿಯಲ್ಲಿ ಹೀಗೆಂದರೆ ಅದು ಅಲ್ಪವೆಂದು ತೋರುತ್ತದೆ; ಪಾದರಸದ ಬದಲು ನೀರಾದರೆ ಕಂಬದ ಎತ್ತರ 163 ಸೆಂಟಿಮೀಟರ್, ಅಂದರೆ ಒಬ್ಬ ಮನುಷ್ಯನಷ್ಟು. ಪಾಸ್ಕಲ್ ಮಾನದಲ್ಲಿ ಇದು 16,000.

ಬಾಗಿದ ಮೇಲ್ಮೈಯ ಎಳೆತಕ್ಕೂ ಒತ್ತಡಕ್ಕೂ ಇರುವ ಸಂಬಂಧವನ್ನು ಫ್ರಾನ್ಸಿನ ಲಾಪ್ಲಾಸ್ 1806ರಲ್ಲಿ ದ್ರವಗಳನ್ನು ಕುರಿತು ಹೇಳಿದನು. ಅದನ್ನು ಕೊಳವೆಗೆ ಅನ್ವಯಿಸಿದರೆ ಗೋಡೆಯ ಎಳೆತ, ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟು; ಗೋಳಕ್ಕಾದರೆ ಅದರ ಅರ್ಧ. ಅರ್ಧ ಸೆಂಟಿಮೀಟರ್ ತ್ರಿಜ್ಯದ ಧಮನಿಯಲ್ಲಿ ಎಳೆತ ಮೀಟರಿಗೆ 80 ನ್ಯೂಟನ್. ಎರಡು ಸೆಂಟಿಮೀಟರ್ ತ್ರಿಜ್ಯದ ದುಂಡು ಚೀಲದಲ್ಲಿ 160. ಗೋಡೆ ಇಲ್ಲದೆಡೆಯಲ್ಲಿಯೇ ಎಳೆತ ಇಮ್ಮಡಿ! ಅಷ್ಟೇ ಅಲ್ಲ, ಚೀಲ ಹಿಗ್ಗಿದಷ್ಟೂ ತ್ರಿಜ್ಯ ಹೆಚ್ಚಿ, ತ್ರಿಜ್ಯ ಹೆಚ್ಚಿದಷ್ಟೂ ಎಳೆತವೂ ಏರುತ್ತದೆ. ಒಡೆದರೆ ರಕ್ತಸ್ರಾವದಿಂದ ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಹಾನಿಯಾಗಬಹುದು. ಶಸ್ತ್ರಕ್ರಿಯೆಯಾಗಿ ಕೆಲವು ದಿನಗಳಾದ ಮೇಲೆ ತುಸುವೇ ರಕ್ತ ಕಾಣಿಸಿ ತಾನಾಗಿ ನಿಂತರೂ ವೈದ್ಯರು ಅದನ್ನು ಉಪೇಕ್ಷಿಸದಿರುವುದು ಇದಕ್ಕಾಗಿಯೇ.

ಪತ್ತೆಹಚ್ಚುವ ಬಗೆಯೂ ಭೌತಶಾಸ್ತ್ರದ್ದೇ. ಚೀಲದ ಕತ್ತಿನಲ್ಲಿ ರಕ್ತ ಪ್ರತಿ ಬಡಿತಕ್ಕೂ ಒಳನುಗ್ಗಿ ಹಿಂದಿರುಗುವುದನ್ನು ಡಾಪ್ಲರ್ ಪರಿಣಾಮದಿಂದ ಶಬ್ದಾತೀತ ತರಂಗಗಳು ತೋರಿಸುತ್ತವೆ; ಆಳದಲ್ಲಿರುವುದಕ್ಕೆ ಸಿ.ಟಿ. ಚಿತ್ರ ಹೆಚ್ಚು ನೆರವಾಗುತ್ತದೆ.

ಚೀಲಕ್ಕೆ ಹೊಸ ಗೋಡೆ ಕಟ್ಟುವಂತಿಲ್ಲ. ಒತ್ತಡವನ್ನು ಮಾತ್ರ ತೆಗೆಯಬಹುದು. ತೊಡೆಸಂದಿನ ಧಮನಿಯ ಮೂಲಕ, ಹೊದಿಕೆಯುಳ್ಳ ಲೋಹಜಾಲರಿಯ ಕೊಳವೆಯೊಂದನ್ನು ಮಡಿಸಿ ಒಯ್ದು ರಂಧ್ರಕ್ಕೆ ಅಡ್ಡಲಾಗಿ ಅರಳಿಸುತ್ತಾರೆ. ಇದಕ್ಕೆ ಸ್ಟೆಂಟ್ ಎಂದು ಹೆಸರು. ಸೋಂಕಿರುವ ಕಡೆ ಅದೂ ಕೆಡಬಹುದಾದುದರಿಂದ ಕೆಲವರಿಗೆ ಮತ್ತೆ ಶಸ್ತ್ರಕ್ರಿಯೆಯೇ ಗತಿ. ಸ್ಟೆಂಟ್ ಸರಿಯಾಗಿ ಕೂತರೆ ರಕ್ತ ಅದರೊಳಗೇ ಹರಿದು ಕಾಲಿನ ಕಡೆಗೆ ಸಾಗುತ್ತದೆ. ಚೀಲದಲ್ಲಿ ಉಳಿದುದು ನಿಂತಲ್ಲೇ ಹೆಪ್ಪುಗಟ್ಟುತ್ತದೆ.