ಮಾರುವ ಮನೆಯ ದುರಸ್ತಿ: ಗಾರೆಗೆ ಮೊದಲೇ ತಂತಿಯ ಯೋಚನೆ



ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ ಮನೆ ದುರಸ್ತಿ ಹಿಡಿಯುವುದು ನಮ್ಮ ಕಡೆಯ ರೂಢಿ. ಈಚೆಗೆ ತಾವು ವಾಸಿಸಲೆಂದಲ್ಲದೆ, ಮಾರುವುದಕ್ಕೆಂದೇ ದುರಸ್ತಿ ಮಾಡಿಸುವವರೂ ಇದ್ದಾರೆ. ಮಕ್ಕಳು ಊರು ಬಿಟ್ಟಿರುತ್ತಾರೆ, ಇಲ್ಲವೇ ಹಿಸ್ಸೆಯಲ್ಲಿ ಬಂದ ಎರಡನೆಯ ಮನೆಯಾಗಿರುತ್ತದೆ. ಅಂಥವರಿಗಾಗಿ ಈ ಲೇಖನ.

ಪೇಟೆಯಲ್ಲಿದ್ದ ತಂದೆಯವರ ಕಾಲದ ಮನೆಯನ್ನು ನಾವೂ ಹೀಗೆಯೇ ಮಾರಿದೆವು. ಹಂಚು ಕೈಯಾಡಿಸಿ, ಗಾರೆ ಮಾಡಿಸಿ, ಎರಡು ಕೈ ಬಣ್ಣ ಹೊಡೆಸಿದೆವು. ಕೊಳ್ಳಲು ಬಂದ ದಂಪತಿಗಳು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಉದ್ಯೋಗ ಮಾಡುವವರು. ಬಣ್ಣದ ಕಡೆ ಅವರು ತಿರುಗಿಯೂ ನೋಡಲಿಲ್ಲ. ಹಿಂದಿನ ಕೋಣೆಯಲ್ಲಿ ಮೊಬೈಲು ಎತ್ತಿ ಹಿಡಿದು ನಿಂತು, ಇಂಟರ್‌ನೆಟ್ ತಂತಿ ಎಲ್ಲಿಂದ ಒಳಗೆ ಬರುತ್ತದೆ ಎಂದು ಕೇಳಿದರು. ನಾವು ಕಿಟಕಿ ತೋರಿಸಿದೆವು! ಕೊನೆಗೆ ಹೊಸ ಗಾರೆಯನ್ನೇ ಕೆತ್ತಿಸಿ ಪೈಪು ಕೂರಿಸಿಕೊಟ್ಟ ಮೇಲಷ್ಟೇ ಪತ್ರವಾಯಿತು. ತೇಪೆಯ ಗುರುತು ಮಾತ್ರ ಬಣ್ಣಕ್ಕೂ ಮುಚ್ಚಲಿಲ್ಲ.

ನಮ್ಮ ಹಳೆಯ ಮನೆಗಳ ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆ ಬಹಳ ದಪ್ಪ. ಬೇಸಿಗೆಯಲ್ಲಿ ತಂಪು, ನಿಜ. ಆದರೆ ವೈಫೈ ಅಲೆಗಳು ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತವೆ. ಆದ್ದರಿಂದ ಕೋಣೆಗಳಿಗೆ ತಂತಿಯನ್ನೇ ಒಯ್ಯತಕ್ಕದ್ದು. ಮನೆಯ ಮಧ್ಯದಲ್ಲಿ, ಒದ್ದೆಯಾಗದ ಒಂದು ಜಾಗವನ್ನು ಆರಿಸಿ, ಅಲ್ಲಿಂದ ಪ್ರತಿ ಕೋಣೆಗೂ ಬೇರೆ ಬೇರೆ ಪೈಪು ಎಳೆಯಿಸಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋದರೆ ಒಂದು ಕಡೆ ಕೆಟ್ಟಾಗ ಮುಂದಿನದ್ದೆಲ್ಲ ನಿಲ್ಲುತ್ತದೆ. ಪೈಪು ೨೫ ಮಿಲಿಮೀಟರಿನದಿರಲಿ. ತಿರುವಿನಲ್ಲಿ ಚೂಪಾದ ಮೂಲೆ ಬೇಡ, ಉದ್ದ ಬಾಗಿನ ಬೆಂಡು ಹಾಕಿಸಿ. ಗಾಜಿನೆಳೆಯ ಫೈಬರ್ ತಂತಿಯನ್ನು ಮಡಿಸಿದರೆ ಮುರಿಯುತ್ತದೆ. ಒಳಗೆ ಒಂದು ನೈಲಾನ್ ಹಗ್ಗ ಬಿಟ್ಟು, ಎರಡೂ ತುದಿ ಮುಚ್ಚಿ. ಇಲಿಗಳಿಗೆ ತಂತಿ ಬಲು ಪ್ರೀತಿ.

ತಂತಿಯ ವಿಚಾರ. ಕಂಪ್ಯೂಟರಿನ ಜಾಲಕ್ಕೆ ಕ್ಯಾಟ್ ೬ ಎಂಬ ಎಂಟು ಎಳೆಯ ತಾಮ್ರದ ತಂತಿ ಸಾಕು. ೧೦೦ ಮೀಟರಿನವರೆಗೆ ಅದು ಕೆಲಸ ಮಾಡುತ್ತದೆ. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ ಅಗ್ಗದ ಮಾಲೂ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಕೊಳ್ಳಬೇಡಿ. ಡಿಶ್ಶಿನಿಂದ ಟಿ.ವಿ.ಗೆ ಆರ್‌ಜಿ ೬ ತಂತಿ. ಇವುಗಳನ್ನು ಕರೆಂಟಿನ ತಂತಿಯ ಪೈಪಿನೊಳಗೆ ತುರುಕಿಸಲೇಬಾರದು. ಒಂದಡಿ ದೂರವಿರಲಿ, ದಾಟಲೇಬೇಕಾದ ಕಡೆ ಅಡ್ಡಲಾಗಿ ನೇರ ದಾಟಲಿ. ಮೇಸ್ತ್ರಿ ‘ಏನೂ ಆಗುವುದಿಲ್ಲ’ ಎಂದಾನು. ಕೇಳಬೇಡಿ.

ಸರಕಾರಿ ಡಿಡಿ ಡೈರೆಕ್ಟ್ ೨೦೦೪ರಲ್ಲಿ ಆರಂಭವಾದ ಮೇಲೆ ನಮ್ಮ ಮಾಡುಗಳಿಗೂ ತಟ್ಟೆಗಳು ಬಂದವಷ್ಟೆ. ನಮ್ಮಲ್ಲಿಂದ ಡಿಶ್ ಉಪಗ್ರಹಗಳು ಇರುವುದು ಹೆಚ್ಚುಕಡಿಮೆ ಆಗ್ನೇಯಕ್ಕೆ. ಆ ದಿಕ್ಕಿನಲ್ಲಿ ಸಿಲ್ವರ್ ಓಕ್ ಎತ್ತರಕ್ಕೆ ನಿಂತಿದ್ದರೆ ತಟ್ಟೆಯ ಜಾಗ ಬದಲಿಸಿ. ಹಂಚಿನ ಮೇಲೆ ಕೂರಿಸಿದರೆ ಮಳೆಗಾಲದಲ್ಲಿ ಸೋರಿಕೆ ಖಂಡಿತ. ಕಣದ ಬದಿಗೆ ಒಂದು ಕಂಬ ನೆಡುವುದೇ ಲೇಸು.

ಫೋನಿನ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ವಿದ್ಯುತ್ತು ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಫೋನು ಮಾತಾಡುತ್ತಿತ್ತು. ಫೈಬರ್ ಲೈನು ಹಾಗಲ್ಲ. ಗೋಡೆಯ ಪೆಟ್ಟಿಗೆಗೆ ಕರೆಂಟು ಇಲ್ಲದಿದ್ದರೆ ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಜೂನ್‌–ಜುಲೈನಲ್ಲಿ ಮರ ಬಿದ್ದು ಲೈನು ಹೋದರೆ ಗತಿಯೇನು? ಆದ್ದರಿಂದ ಆ ಮಧ್ಯದ ಜಾಗಕ್ಕೆ ಇನ್ವರ್ಟರಿನ ಒಂದು ಪ್ಲಗ್ಗು ಕೊಡಿಸಿ.

ಇನ್ನು ಸಿಡಿಲು. ಹೊರಗಿನಿಂದ ಬರುವ ಲೋಹದ ತಂತಿ ಯಾವುದೇ ಇರಲಿ, ಸಿಡಿಲಿನ ವಿದ್ಯುತ್ತಿಗೆ ಅದೊಂದು ದಾರಿ. ಫೈಬರಿನ ಗಾಜು ವಿದ್ಯುತ್ತನ್ನು ಹರಿಸದು, ಆದರೆ ಅದನ್ನು ಎಳೆದು ಕಟ್ಟುವ ಉಕ್ಕಿನ ತಂತಿ ಹರಿಸುತ್ತದೆ. ಅದನ್ನು ಹೊರಗಡೆಯೇ ತುಂಡರಿಸಬೇಕು. ತಟ್ಟೆಗೂ ಕಂಬಕ್ಕೂ ಅರ್ಥಿಂಗ್ ಮಾಡಿಸಿ. ಗುಡುಗು ಶುರುವಾದ ಮೇಲೆ ಪ್ಲಗ್ಗು ಕೀಳಲು ಹೋಗುವುದು ಅಪಾಯ. ಮೋಡ ಕಟ್ಟಿದಾಗಲೇ ತೆಗೆದಿಡಿ.

ಮಾರುವ ಮನೆಗೆ ಬೆಲೆಬಾಳುವ ಯಂತ್ರ ಕೊಂಡು ಹಾಕುವ ಅಗತ್ಯ ನಮಗೆ ಕಾಣದು. ಕೊಳ್ಳುವವರು ತಮಗೆ ಬೇಕಾದ್ದನ್ನು ತರುತ್ತಾರೆ. ಪೈಪು, ಹಗ್ಗ, ಮುಖ್ಯ ಕೋಣೆಗಳಿಗೆ ಎರಡೆರಡು ತಂತಿ, ಇಷ್ಟಾದರೆ ಸಾಕು. ಗಾರೆ ಹಚ್ಚುವ ಮುನ್ನ ಪ್ರತಿ ಗೋಡೆಯ ಪಕ್ಕ ಅಳತೆ ಟೇಪು ಹಿಡಿದು ಫೋಟೋ ತೆಗೆಯಿಸಿ, ಮನೆಪತ್ರಗಳ ಜೊತೆ ಇಟ್ಟುಕೊಂಡು, ಮನೆ ನೋಡಲು ಬಂದವರಿಗೆ ತೋರಿಸಿ.