ದನಗಳ ಹೊಟ್ಟೆಯುಬ್ಬರ

ರಾಯದುರ್ಗದ ಸೀಮೆ ಮಳೆ ಕಡಿಮೆಯಾದ ನಾಡು. ಬೇಸಗೆಯುದ್ದಕ್ಕೂ ಒಣ ಮೇವನ್ನೇ ತಿಂದ ದನಗಳು, ಮಳೆ ಬಿದ್ದು ಹಸುರು ಚಿಗುರಿದೊಡನೆ ಆತುರದಿಂದ ಬಾಯಿ ಹಾಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಪಾಯವಿರುವುದು ಅಲ್ಲಿಯೇ.

ದನದ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳುಂಟು. ಎಡಪಕ್ಕೆಯಲ್ಲಿರುವ ದೊಡ್ಡ ಕೋಣೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸುವಾಗ ವಾಯು ಹುಟ್ಟಿ, ತೇಗಿನೊಡನೆ ಹೊರಬೀಳುತ್ತದೆ. ಹಸಿದ ದನವು ಎಳೆಯ ಕುದುರೆಮೆಂತೆ, ಹಸಿ ಕಡಲೆಕಾಯಿ ಬಳ್ಳಿ ಮುಂತಾದ ದ್ವಿದಳ ಮೇವನ್ನು ಮಿತಿಮೀರಿ ತಿಂದರೆ ಆ ವಾಯು ನೊರೆಯಲ್ಲಿ ಸಿಕ್ಕಿಕೊಳ್ಳುವುದು, ತೇಗು ಬಾರದು. ಎಡಪಕ್ಕೆ ಉಬ್ಬಿ, ತಟ್ಟಿದರೆ ತಮಟೆಯಂತೆ ನುಡಿಯುತ್ತದೆ. ಮೆಲುಕು ನಿಲ್ಲುತ್ತದೆ. ಉಬ್ಬಿದ ಹೊಟ್ಟೆ ಶ್ವಾಸಕೋಶಗಳನ್ನು ಒತ್ತಿ, ಕೆಲವೇ ಗಂಟೆಗಳಲ್ಲಿ ಉಸಿರುಕಟ್ಟಿ ಪ್ರಾಣ ಹೋಗಬಹುದು.

ದನ ಕಾಯುವ ಬಾಲಕರು ಇದನ್ನು ಕಂಡೊಡನೆ ಮನೆಯವರಿಗೆ ತಿಳಿಸಬೇಕು. ಪಶುವೈದ್ಯರು ಬರುವವರೆಗೆ ದನದ ಮುಂಗಾಲುಗಳು ಎತ್ತರದಲ್ಲಿರುವಂತೆ ನಿಲ್ಲಿಸಿ, ಕಾಲು ಲೀಟರಿನಷ್ಟು ಕಡಲೆಕಾಯಿ ಎಣ್ಣೆಯನ್ನು ಗೊಟ್ಟದಿಂದ ಮೆಲ್ಲಮೆಲ್ಲನೆ ಕುಡಿಸಬಹುದು. ಎಣ್ಣೆ ನೊರೆಯನ್ನು ಒಡೆಯುತ್ತದೆ. ತಲೆಯನ್ನು ಬಹಳ ಮೇಲೆತ್ತಿ ಅವಸರದಿಂದ ಸುರಿದರೆ ಅದು ಶ್ವಾಸನಾಳಕ್ಕಿಳಿದು ಬೇರೊಂದು ಕೇಡಾಗುವುದು. ಕುಸಿದು ಬಿದ್ದ ದನಕ್ಕಂತೂ ಕುಡಿಸಲೇಬಾರದು. ಪಕ್ಕೆಯನ್ನು ಚುಚ್ಚಿ ವಾಯು ಬಿಡಿಸುವ ಸಾಹಸ ನಮ್ಮದಲ್ಲ, ವೈದ್ಯರದು.

ಹಸುರಿಗೆ ಬಿಡುವ ಮುನ್ನ ಒಂದಿಷ್ಟು ಒಣ ಜೋಳದ ಸೊಪ್ಪೆ ತಿನ್ನಿಸಿದರೆ ದನದ ಆತುರ ತಗ್ಗುತ್ತದೆ.